ಶುಷ್ಕವೃಕ್ಷದ ಕಥೆಯೂ ಕುಸುಮಗಂಧವೂ

ಬಾಣಭಟ್ಟನು ಕಾದಂಬರಿಯನ್ನು ಮುಗಿಸುವುದಕ್ಕೆ ಮುಂಚೆಯೇ ಅವಸಾನಕಾಲವು ಸಮೀಪಿಸಲಾಗಿ, ಉಳಿದ ಕಥಾಭಾಗವನ್ನು ಯಾರ ಕೈಗೆ ಒಪ್ಪಿಸತಕ್ಕುದೆಂದು ನಿಶ್ಚಯಿಸುವುದಕ್ಕೋಸ್ಕರ ಮಕ್ಕಳಿಬ್ಬರನ್ನು ಬಳಿಗೆ ಕರೆದು, ಎದುರಿಗಿದ್ದ ಒಣಮರವೊಂದನ್ನು ತೋರಿಸಿ, ಅದನ್ನು ವರ್ಣಿಸಿರೆಂದು ಹೇಳಿದನೆಂಬ ಐತಿಹ್ಯವು ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರೆಲ್ಲರಿಗೂ ಪರಿಚಿತವಾದುದು. ಹಿರಿಯನು ಷ್ಕ, ಕ್ಷ, ಷ್ಠ ಮೊದಲಾದ ಸಂಯುಕ್ತಾಕ್ಷರಗಳಿಂದ ಕಿಕ್ಕಿರಿದ ಒಂದು ವಾಕ್ಯವನ್ನಾಡಿದನು. ಕಿರಿಯನು ನಕಾರ ರಕಾರ ಸಕಾರ ಲಕಾರಗಳ ಮೆಲ್ನುಡಿಯಲ್ಲಿ ಅದೇ ಸಂಗತಿಯನ್ನು ಹೇಳಿದನು. ತಂದೆಯು ಕಿರಿಯನನ್ನು ಆರಿಸಿದನು. ಕಥೆಯು ಇಷ್ಟೇ. ಆದರೆ ಉಪಾಧ್ಯಾಯರು ಇಷ್ಟಕ್ಕೆ ನಿಲ್ಲಿಸುವುದಿಲ್ಲ. ಕಠಿನಪದಗಳಿಂದ ಕಾವ್ಯವು ಕಟ್ಟಿಗೆಯಾಗುವುದೆಂದೂ, ಮೃದುಪದಗಳಿಂದ ಕಟ್ಟಿಗೆಯೂ ಹೂವಾಗುವುದೆಂದೂ, ಕಟ್ಟಿಗೆಯೆಂದರೆ ಪಾಂಡಿತ್ಯವೆಂದೂ, ಹೂವೆಂದರೆ ಕವಿತೆಯೆಂದೂ ಅದಕ್ಕೆ ಒಂದು ವ್ಯಾಖ್ಯಾನವನ್ನು ಹೆಣೆದು ಶಿಷ್ಯರಿಗೆ ಒಪ್ಪಿಸುವರು.

ಈ ವ್ಯಾಖ್ಯಾನವು ಮೂಲಕಥೆಗಿಂತಲೂ ಹೆಚ್ಚು ಬಳಕೆಯಲ್ಲಿದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ, ಗ್ರಂಥಗಳ ಮುನ್ನುಡಿಗಳಲ್ಲಿಯೂ, ಸಭೆಗಳ ಉಪನ್ಯಾಸಗಳಲ್ಲಿಯೂ ಕಾಷ್ಠಕುಸುಮಗಳ ಈ ದ್ವಂದ್ವವು ಮತ್ತೆ ಮತ್ತೆ ತಲೆಹಾಕುವುದು. ಅದರಿಂದ ಹಾನಿಯೇನೆಂದರೆ, ರನ್ನನ ಗದಾಯುದ್ಧದ ಯಾವುದಾದರೊಂದು ಪ್ರೌಢವೃತ್ತವು ಎದುರಾದೊಡನೆ, ಅದು ಕಿವಿಗೆ ಒರಟಾಗಿ ಕೇಳಿಸಿತೆಂಬ ಒಂದೇ ಕಾರಣದಿಂದ, ‘ಇದು ಒಣಮರದ ಮಾರ್ಗ’ ಎಂದು ಪಕ್ಕಕ್ಕೆ ಸರಿಸುವ ಅಭ್ಯಾಸವು ವಿದ್ಯಾರ್ಥಿಗಳಲ್ಲಿ ಬೇರೂರುತ್ತದೆ. ಓಜಸ್ಸೆಂಬ ಗುಣವೇ ಅವರಿಗೆ ದೋಷವಾಗಿ ತೋರಲಾರಂಭಿಸಿದಮೇಲೆ ಹಳಗನ್ನಡದ ವೀರಕಾವ್ಯಗಳನ್ನು ಪಾಠಪಟ್ಟಿಯಲ್ಲಿಟ್ಟು ಪ್ರಯೋಜನವೇನು? ಆದಕಾರಣ ಈ ವ್ಯಾಖ್ಯಾನವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಯುಕ್ತವೆಂದು ತೋರುತ್ತದೆ.

ಇದಕ್ಕೆ ಎರಡು ಆಧಾರಸ್ತಂಭಗಳಿವೆ. ಕಠಿನಾಕ್ಷರವು ಕಾವ್ಯಕ್ಕೆ ಸ್ವಭಾವದಿಂದಲೇ ವಿರೋಧಿಯೆಂಬುದು ಒಂದು. ಪ್ರಕೃತಿಯಲ್ಲಿ ಕಟ್ಟಿಗೆಗೂ ಹೂವಿಗೂ ವಿರೋಧವಿದೆಯೆಂಬುದು ಮತ್ತೊಂದು. ಮೊದಲನೆಯದು ಅಲಂಕಾರಶಾಸ್ತ್ರದ ವಿಷಯ; ಎರಡನೆಯದು ಸಸ್ಯಶಾಸ್ತ್ರದ ವಿಷಯ. ಎರಡನೆಯದನ್ನು ಮೊದಲು ಎತ್ತಿಕೊಳ್ಳುವೆನು. ಪಂಡಿತನಾದವನು ಸಸ್ಯಶಾಸ್ತ್ರಕ್ಕೆ ಕೈಹಾಕುವುದು ಅನಧಿಕಾರಚೇಷ್ಟೆಯೆಂದು ಕೆಲವರು ಹೇಳಬಹುದು. ಆದರೆ ಲೋಕವಿರೋಧ, ನ್ಯಾಯವಿರೋಧ, ಆಗಮವಿರೋಧಗಳನ್ನು ಕಾವ್ಯದೋಷಗಳಲ್ಲಿ ಎಣಿಸಿದವರು ಭಾಮಹ ದಂಡಿಗಳು. ವಿದ್ಯಾವಿರುದ್ಧವೆಂಬ ದೋಷವನ್ನು ಹೇಳಿದವನು ವಾಮನನು. ಕವಿಗೆ ವಿಧಿಸಿದ ನಿಯಮವು ವ್ಯಾಖ್ಯಾನಕಾರನಿಗೆ ಅನ್ವಯಿಸುವುದಿಲ್ಲವೆಂದು ಯಾರೂ ಹೇಳಿಲ್ಲ.

ಮರಕ್ಕೆ ಕಾಠಿನ್ಯವನ್ನು ಕೊಡುವ ಮುಖ್ಯದ್ರವ್ಯಗಳಲ್ಲಿ ಲಿಗ್ನಿನ್ ಎಂಬುದೊಂದು. ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞನಾದ ಡಿ ಕಾಂಡೋಲನು ೧೮೧೩ರಲ್ಲಿ, ಕಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಈ ಹೆಸರನ್ನು ನಿಷ್ಪಾದಿಸಿದನು. ‘ಕಾಷ್ಠಸಾರ’ವೆಂದು ಕರೆದರೆ ನಮ್ಮವರಿಗೆ ಬೇಗನೆ ಅರ್ಥವಾದೀತು. ಒಣಗಿದ ಕಟ್ಟಿಗೆಯ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ೨೦ರಿಂದ ೩೦ ಪಾಲು ಇದೇ ಇರುವುದು. ಸಸ್ಯವು ಇದನ್ನು ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುವುದಿಲ್ಲ. ತನ್ನೊಳಗೆ ಮೆಟ್ಟಲು ಮೆಟ್ಟಲಾಗಿ ಪಾಕಮಾಡಿಕೊಳ್ಳುವುದು. ಒಂದೊಂದು ಮೆಟ್ಟಲಿಗೂ ಒಂದೊಂದು ಕಿಣ್ವವು ಅಧಿಕಾರಿಯಾಗಿರುತ್ತದೆ. ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲದಿಂದ ಈ ದಾರಿಯು ಹೊರಡುವುದು. ಅದರಲ್ಲಿರುವ ಅಮೋನಿಯಾಂಶವನ್ನು ಒಂದು ಕಿಣ್ವವು ಕಿತ್ತುಹಾಕಲು, ದಾಲ್ಚಿನ್ನಿಯಿಂದ ಹೆಸರು ಪಡೆದ ಸಿನಮಿಕ್ ಆಮ್ಲವು ಉಂಟಾಗುತ್ತದೆ. ಈ ಮೊದಲನೆಯ ಕಿಣ್ವವನ್ನು ಕೌಕಲ್ ಮತ್ತು ಕಾನ್ ಎಂಬ ವಿಜ್ಞಾನಿಗಳು ಜವೆಗೋದಿಯ ಸಸಿಗಳಲ್ಲಿ ಕಂಡುಹಿಡಿದು ೧೯೬೧ರಲ್ಲಿ ಪ್ರಕಟಪಡಿಸಿದರು. ಅಲ್ಲಿಂದ ಮುಂದೆ ಬೇರೆ ಬೇರೆ ಕಿಣ್ವಗಳು ಆಮ್ಲಜನಕವನ್ನು ಕೂಡಿಸುತ್ತ, ಮೀಥೈಲ್ ಎಂಬ ಚಿಕ್ಕ ಅಂಶವನ್ನು ಅಂಟಿಸುತ್ತ, ಕೊನೆಗೆ ಕೋನಿಫೆರಿಲ್ ಆಲ್ಕೊಹಾಲ್ ಎಂಬ ವಸ್ತುವನ್ನು ಸಿದ್ಧಪಡಿಸುವುವು.

ನಮ್ಮ ವಿಚಾರಕ್ಕೆ ಬೇಕಾದ ಕವಲುದಾರಿಯು ಇಲ್ಲಿದೆ. ಈ ಆಲ್ಕೊಹಾಲು ಜೀವಕೋಶದ ಗೋಡೆಗೆ ಹೋಗಿ, ಅಲ್ಲಿರುವ ಉತ್ಕರ್ಷಕ ಕಿಣ್ವಗಳ ವಶವಾದರೆ, ತನ್ನಂಥವೇ ಆದ ಇತರ ಅಣುಗಳೊಡನೆ ಹೆಣೆದುಕೊಂಡು ಬಿಡಿಸಲಾಗದ ಬಲೆಯಾಗುವುದು. ಅದೇ ಲಿಗ್ನಿನ್. ಹೂವಿನ ಎಸಳಿನಲ್ಲಿ ಬೇರೊಂದು ಕಿಣ್ವದ ಕೈಗೆ ಸಿಕ್ಕಿದರೆ, ಅಸಿಟಿಕ್ ಆಮ್ಲದ ಒಂದಂಶವು ಅದಕ್ಕೆ ಸೇರುವುದು. ಬಳಿಕ ಮತ್ತೊಂದು ಕಿಣ್ವವು ಆ ಅಂಶವನ್ನು ಕಳಚಿಹಾಕುವಾಗ, ಉಳಿದ ಭಾಗವು ಯೂಜಿನಾಲ್ ಅಥವಾ ಐಸೊಯೂಜಿನಾಲ್ ಎಂಬ ಹಗುರವಾದ ಗಂಧದ್ರವ್ಯವಾಗಿ ಗಾಳಿಗೆ ಸೇರುವುದು. ಲವಂಗದ ಗಂಧವು ಮುಖ್ಯವಾಗಿ ಈ ಯೂಜಿನಾಲಿನದು. ಲವಂಗವೆಂಬುದು ಒಣಗಿಸಿದ ಹೂಮೊಗ್ಗೇ ಆಗಿರುವುದನ್ನು ಇಲ್ಲಿ ನೆನೆಯಬೇಕು. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಕಲಿಂಗರಾಜನ ಪ್ರಸಂಗದೊಳಗೆ ದ್ವೀಪಾಂತರದ ಲವಂಗಪುಷ್ಪಗಳನ್ನು ಗಾಳಿಯಿಂದ ತರಿಸುವನಷ್ಟೆ. ಆ ಪುಷ್ಪದಲ್ಲಿ ಗಂಧವಾದುದೂ ಆ ಮರದ ಕಾಂಡದಲ್ಲಿ ಕಾಠಿನ್ಯವಾದುದೂ ಒಂದೇ ದಾರಿಯಲ್ಲಿ ಬಹುದೂರ ಬಂದು ಬೇರೆಯಾದ ವಸ್ತುಗಳು. ನಮ್ಮ ಹಿತ್ತಲಿನ ಕಾಮಕಸ್ತೂರಿಯಲ್ಲಿಯೂ, ದಕ್ಷಿಣ ಅಮೆರಿಕದಿಂದ ಬಂದು ತೋಟಗಳಲ್ಲಿ ಬೆಳೆಯುವ ಪೆಟೂನಿಯದ ಹೂವಿನಲ್ಲಿಯೂ ಈ ಕಡೆಯ ಮೆಟ್ಟಲಿನ ಕಿಣ್ವಗಳನ್ನು ವಿಜ್ಞಾನಿಗಳು ೨೦೦೬ರಲ್ಲಿ ಗುರುತಿಸಿದರು; ಅದರ ಹಿಂದಿನ ಮೆಟ್ಟಲು ಪೆಟೂನಿಯದಲ್ಲಿ ೨೦೦೭ರಲ್ಲಿ ತಿಳಿಯಬಂತು.

ಇದಕ್ಕಿಂತಲೂ ವಿಸ್ಮಯಕರವಾದ ಉದಾಹರಣೆಯು ಕ್ಲಾರ್ಕಿಯ ಬ್ರೂವೆರಿ ಎಂಬ ಸಣ್ಣ ಗಿಡದ್ದು. ಇದು ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ಒಂದು ಋತುವಿನಲ್ಲಿ ಹುಟ್ಟಿ ಹೂಬಿಟ್ಟು ಸಾಯುವ ಜಾತಿ. ಇದರ ಕುಲದಲ್ಲಿ ಹಲವು ಬಂಧುಗಳಿದ್ದರೂ ಅವುಗಳ ಹೂವುಗಳಿಗೆ ಹೇಳಿಕೊಳ್ಳುವಂಥ ಗಂಧವಿಲ್ಲ. ಇದೊಂದು ಮಾತ್ರ ಬಲವಾಗಿ ಗಂಧವನ್ನು ಚೆಲ್ಲಿ ಪತಂಗಗಳನ್ನು ಕರೆಯುವುದು. ಇದರ ಗಂಧದ್ರವ್ಯಗಳಲ್ಲಿ ಕೆಲವನ್ನು, ಯೂಜಿನಾಲ್ ಐಸೊಯೂಜಿನಾಲುಗಳಿಗೆ ಮೀಥೈಲ್ ಅಂಶವನ್ನು ಅಂಟಿಸಿ ತಯಾರಿಸುವ ಒಂದು ಕಿಣ್ವವುಂಟು. ಲಿಗ್ನಿನ್ನಿನ ದಾರಿಯಲ್ಲಿ ಕೆಫೀಯಿಕ್ ಆಮ್ಲವೇ ಮೊದಲಾದುವಕ್ಕೆ ಅದೇ ಮೀಥೈಲ್ ಅಂಶವನ್ನು ಅಂಟಿಸುವ ಇನ್ನೊಂದು ಕಿಣ್ವವುಂಟು. ಇವೆರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದಾಗ ಇವುಗಳ ರಚನೆಯಲ್ಲಿ ನೂರಕ್ಕೆ ೮೦ಕ್ಕೂ ಹೆಚ್ಚು ಪಾಲು ಒಂದೇ ಆಗಿರುವುದು ಕಂಡುಬಂತು. ವಾಂಗ್ ಮತ್ತು ಪಿಚೆರ್ಸ್ಕಿ ಎಂಬವರು ೧೯೯೯ರಲ್ಲಿ ತೋರಿಸಿದ ಪ್ರಕಾರ, ಮುನ್ನೂರಕ್ಕೂ ಮೇಲ್ಪಟ್ಟ ಅಮೈನೊ ಆಮ್ಲಗಳ ಸಾಲಿನಲ್ಲಿ ಕೇವಲ ೭ನ್ನು ಬದಲಾಯಿಸಿದರೆ ಒಂದು ಕಿಣ್ವದ ಅಭಿರುಚಿಯು ಮತ್ತೊಂದರದಾಗಿ ಮಾರ್ಪಡುವುದು. ಕಟ್ಟಿಗೆಯನ್ನು ಕಟ್ಟುತ್ತಿದ್ದ ಕಿಣ್ವವೊಂದರ ಪ್ರತಿಯು ಆ ಗಿಡದ ವಂಶದಲ್ಲಿ ಕಾಲಕ್ರಮದಿಂದ ಅಲ್ಪಸ್ವಲ್ಪ ಪಾಠಾಂತರವನ್ನು ಹೊಂದಿ ಹೂವಿನ ಗಂಧಿಗನಾಯಿತೆಂದು ಇದರಿಂದ ಅನುಮಾನಿಸುವರು. ‘ಪಾಠಾಂತರ’ವೆಂಬ ನಮ್ಮ ಶಬ್ದವನ್ನು ನಾನು ಬುದ್ಧಿಪೂರ್ವಕವಾಗಿಯೇ ಬಳಸಿದೆನು. ಓಲೆಯ ಪ್ರತಿಕಾರನು ಒಂದೆರಡು ಅಕ್ಷರಗಳನ್ನು ಹೆಚ್ಚುಕಡಮೆಮಾಡಿದಾಗ ಅರ್ಥವೇ ತಿರುಗಿಬಿಡುವುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರು ನಿತ್ಯವೂ ಕಾಣುವರು. ಏಳು ಅಕ್ಷರಗಳಿಂದ ಕಟ್ಟಿಗೆಯು ಕಂಪಾಗುವುದು ಅವರಿಗೆ ಅಷ್ಟು ಅಪರಿಚಿತವಾಗಿ ತೋರಲಾರದು.

‘ಕಿಣ್ವ’ವೆಂಬ ಶಬ್ದದ ವಿಷಯವಾಗಿಯೂ ಒಂದೆರಡು ಮಾತು ಸಲ್ಲುವುದು. ಇದು ಹೊಸದಾಗಿ ಟಂಕಿಸಿದ ಶಬ್ದವೆಂದು ಕೆಲವರು ತಿಳಿದಿರುವರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವನ್ನು ನೋಡಿದವರಿಗೆ ಹಾಗೆ ತೋರದು. ಮದ್ಯವನ್ನು ಹುಳಿಯೇರಿಸುವ ಹೆಪ್ಪಿಗೆ ಅಲ್ಲಿ ಈ ಹೆಸರೇ ಇದೆ, ಅದನ್ನು ಮಾಡುವ ಕ್ರಮವೂ ಇದೆ. ಆ ಗ್ರಂಥವನ್ನು ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟರು. ಜಡಭೂತಗಳ ಸಂಯೋಗದಿಂದಲೇ ಚೈತನ್ಯವು ಹುಟ್ಟುವುದೆಂದು ಸಾಧಿಸುವ ಚಾರ್ವಾಕರು ಕೊಟ್ಟ ಪ್ರಸಿದ್ಧ ದೃಷ್ಟಾಂತವೂ ಕಿಣ್ವದ್ದೇ. ಜರ್ಮನಿಯ ಕ್ಯೂನೆ ೧೮೭೭ರಲ್ಲಿ ಟಂಕಿಸಿದ ಪಾಶ್ಚಾತ್ಯ ಪದವೂ ‘ಹೆಪ್ಪಿನೊಳಗಿರುವುದು’ ಎಂಬರ್ಥದ ಗ್ರೀಕ್ ಮೂಲದಿಂದ ಬಂದುದಾದ್ದರಿಂದ, ಕಿಣ್ವವೆಂದು ಭಾಷಾಂತರಿಸಿದವರು ಒಳ್ಳೆಯ ವಿವೇಕವನ್ನೇ ತೋರಿಸಿದರೆನ್ನಬೇಕು. ತರುಣಿಯ ಮುಖಮದ್ಯದ ಸೇಚನೆಯಿಂದ ಬಕುಳವು ಹೂಬಿಡುವುದೆಂಬ ಕವಿಸಮಯವನ್ನು ನೆನೆದರೆ, ಹೂವಿನೊಡನೆ ಕಿಣ್ವಕ್ಕೆ ನಮ್ಮ ಕವಿಗಳೂ ಒಂದು ನಂಟನ್ನು ಕಲ್ಪಿಸಿದ್ದರೆಂದು ವಿನೋದಕ್ಕಾಗಿ ಹೇಳಬಹುದು.

ವಿನೋದಕ್ಕಾಗಿ ಎಂದೆನು. ಏಕೆಂದರೆ ಇಂಥ ಸಾದೃಶ್ಯವು ಸಿಕ್ಕಿದೊಡನೆ ‘ನಮ್ಮ ಪ್ರಾಚೀನರು ಇದೆಲ್ಲವನ್ನೂ ಬಲ್ಲವರಾಗಿದ್ದರು’ ಎಂದು ಕೈಯೆತ್ತುವವರು ಉಂಟು. ವೈಶೇಷಿಕರು ಗಂಧವನ್ನು ಪೃಥಿವೀದ್ರವ್ಯದ ಗುಣವೆಂದೂ, ಗಾಳಿಯಲ್ಲಿ ನಾವು ಮೂಸುವುದು ಅದು ಹೊತ್ತು ತಂದ ಪಾರ್ಥಿವಕಣಗಳ ಗಂಧವೆಂದೂ ಹೇಳಿದರು. ಗಾಳಿಗೆ ಸ್ವತಃ ಗಂಧವಿಲ್ಲವೆಂದು ನಿರ್ಣಯಿಸಿದರು. ಅದು ನಿಶಿತವಾದ ವಿಚಾರವೆಂಬುದರಲ್ಲಿ ಸಂಶಯವಿಲ್ಲ. ಅಷ್ಟರಿಂದಲೇ ಕೋನಿಫೆರಿಲ್ ಆಲ್ಕೊಹಾಲು ಕಣಾದನಿಗೆ ತಿಳಿದಿತ್ತೆಂದರೆ ಕಣಾದನಿಗೂ ಗೌರವವಲ್ಲ, ತಿಳಿದು ತೋರಿಸಿದವರಿಗೂ ಗೌರವವಲ್ಲ.

ಇನ್ನು ಅಲಂಕಾರಶಾಸ್ತ್ರಕ್ಕೆ ಬರೋಣ. ಇಬ್ಬರು ಮಕ್ಕಳೂ ಹೇಳಿದ ಅರ್ಥವು ಒಂದೇ: ಎದುರಿಗೆ ಒಣಮರವೊಂದಿದೆ. ಅರ್ಥವೊಂದೇ ಇದ್ದು ಸಂಘಟನೆಯು ಎರಡಾಯಿತು. ಇದರಲ್ಲಿ ಯಾವುದು ಉಚಿತವೆಂಬುದನ್ನು ನಿರ್ಣಯಿಸುವುದಕ್ಕೆ ಆನಂದವರ್ಧನನಿಗಿಂತ ದೊಡ್ಡ ಪ್ರಮಾಣಪುರುಷನಿಲ್ಲ. ಅವನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಶಕಾರ ಷಕಾರಗಳೂ ರೇಫಸಂಯೋಗಗಳೂ ಢಕಾರವೂ ಶೃಂಗಾರಕ್ಕೆ ವಿರೋಧಿಗಳೆಂದು ಹೇಳುವನು. ಉಪಾಧ್ಯಾಯರು ಸಾಮಾನ್ಯವಾಗಿ ಇಲ್ಲಿಗೆ ಪುಸ್ತಕವನ್ನು ಮುಚ್ಚುವರು. ಆದರೆ ಅದರ ಬೆನ್ನಿಗೇ ಇರುವ ಕಾರಿಕೆಯಲ್ಲಿ, ಅವೇ ವರ್ಣಗಳು ಬೀಭತ್ಸಾದಿಗಳಲ್ಲಿ ವಿನಿಯುಕ್ತವಾದಾಗ ಆ ರಸವನ್ನು ಉದ್ದೀಪನಗೊಳಿಸುವುವೆಂದು ಅವನೇ ಹೇಳಿರುವನು. ಮಮ್ಮಟನ ಸಿದ್ಧಾಂತವೂ ಇದೇ ದಾರಿಯದು: ಓಜಸ್ಸು ವೀರದಲ್ಲಿ ನೆಲಸಿ, ಬೀಭತ್ಸದಲ್ಲಿಯೂ ರೌದ್ರದಲ್ಲಿಯೂ ಕ್ರಮವಾಗಿ ಅಧಿಕವಾಗುವುದು. ವರ್ಣಗಳಿಗೆ ಸ್ವತಂತ್ರವಾಗಿ ಗುಣವೂ ಇಲ್ಲ, ದೋಷವೂ ಇಲ್ಲ. ಅವು ಯಾವ ರಸದ ಸೇವೆಯಲ್ಲಿವೆಯೆಂಬುದೇ ಪ್ರಧಾನ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದುದೂ ಇದನ್ನೇ.

ಈ ತಕ್ಕಡಿಯಲ್ಲಿ ತೂಗಿದರೆ ಹಿರಿಯ ಮಗನ ವಾಕ್ಯವು ಹಗುರವಾಗುವುದಿಲ್ಲ. ಸತ್ತು ಒಣಗಿ ತೊಗಟೆ ಬಿರಿದ ಮರ, ಅದನ್ನು ನೋಡುತ್ತಿರುವ ಮರಣೋನ್ಮುಖನಾದ ತಂದೆ: ಈ ಸನ್ನಿವೇಶದಲ್ಲಿ ಶೃಂಗಾರಕ್ಕೆ ಯಾವ ಅವಕಾಶವಿದೆ? ನಿರ್ವೇದಕ್ಕೋ ಕರುಣಕ್ಕೋ ಎಡೆಯಿದೆಯೆಂದು ವಾದಿಸಬಹುದು. ಹಾಗಾದರೆ ಮೃದುಸಂಘಟನೆಯು ಸಲ್ಲುವುದೆಂದೂ ಹೇಳಬಹುದು. ಈ ಪೂರ್ವಪಕ್ಷವು ಬಲವಾದುದೇ. ಆದರೆ ಕ್ರಿಯಾಪದಗಳ ಕಡೆ ನೋಡಿರಿ. ಹಿರಿಯನು ಮರವು ‘ನಿಂತಿದೆ’ ಎಂದನು. ಕಿರಿಯನು, ಪಾಠಭೇದಗಳೆಲ್ಲದರಲ್ಲಿಯೂ, ಅದು ‘ಶೋಭಿಸುತ್ತಿದೆ’, ‘ವಿಲಾಸಗೊಳ್ಳುತ್ತಿದೆ’ ಎಂಬರ್ಥದ ಮಾತನ್ನಾಡಿದನು. ಸತ್ತ ಮರಕ್ಕೆ ವಿಲಾಸವೆಲ್ಲಿಯದು? ವಿಪರೀತಲಕ್ಷಣೆಯಿಂದ ಸಮರ್ಥಿಸಬಹುದೆಂದರೆ, ಹಾಗೆ ಸಮರ್ಥಿಸಿದಾಗ ಪರಿಹಾಸವು ಸ್ಫುರಿಸಿ ಕರುಣವು ಮುರಿದುಬೀಳುವುದು. ಮೃದುತ್ವದ ಮೋಹಕ್ಕಾಗಿ ಅರ್ಥವನ್ನು ಬಲಿಕೊಟ್ಟ ವಾಕ್ಯವಿದೆಂದು ನನಗೆ ತೋರುತ್ತದೆ. ‘ನಿಂತಿದೆ’ಯೆಂಬ ಮಾತಿನಲ್ಲಿ ನೋಡಿದ ಕಣ್ಣಿದೆ, ಷ್ಕ ಷ್ಠಗಳ ಒಡಕುದನಿಯಲ್ಲಿ ಒಣಕೊಂಬೆಯು ಮುರಿಯುವ ಸದ್ದಿದೆ. ಶಬ್ದವು ಅರ್ಥವನ್ನು ಹಿಂಬಾಲಿಸಿರುವುದು ಇಲ್ಲಿಯೇ.

ಕಿರಿಯನ ಪಕ್ಷದಲ್ಲಿ ಹೇಳಬಹುದಾದ ಒಳ್ಳೆಯ ಮಾತೂ ಒಂದಿದೆ. ಅವನು ಮರಕ್ಕೆ ಕೊಟ್ಟ ವಿಶೇಷಣವು ‘ನೀರಸ’ವೆಂಬುದು. ರಸವೆಂದರೆ ಮರದೊಳಗಿನ ದ್ರವವೂ ಹೌದು, ಕಾವ್ಯದ ಆತ್ಮವೂ ಹೌದು. ಈ ಶ್ಲೇಷೆಯು ಹಿರಿಯನ ವಾಕ್ಯದಲ್ಲಿಲ್ಲ. ವ್ಯಾಖ್ಯಾನಕಾರರು ಈ ಶ್ಲೇಷೆಯನ್ನು ಗುರುತಿಸಿ ಅಷ್ಟಕ್ಕೆ ತೃಪ್ತರಾಗಿದ್ದರೆ ಚೆನ್ನಾಗಿತ್ತು. ಕಟ್ಟಿಗೆಯೆಂಬುದು ಎಂದೆಂದಿಗೂ ರಸಕ್ಕೆ ಶತ್ರುವೆಂದು ಅವರು ಮುಂದುವರಿದುದರಿಂದಲೇ ಸಸ್ಯಶಾಸ್ತ್ರವನ್ನು ಮತ್ತೊಮ್ಮೆ ಕರೆಯಬೇಕಾಗಿದೆ. ಬೇರು ಹೀರಿದ ನೀರು ಎಲೆಗೂ ಹೂವಿಗೂ ಏರುವುದು ಕಟ್ಟಿಗೆಯೊಳಗಿನ ಸೂಕ್ಷ್ಮನಾಳಗಳ ಮೂಲಕ. ಆ ನಾಳಗಳು ಬಲಿತು ಕೆಲಸಕ್ಕೆ ಸಿದ್ಧವಾಗುವ ಹೊತ್ತಿಗೆ ಅವುಗಳ ಕೋಶಗಳು ಸತ್ತಿರುತ್ತವೆ. ಗೋಡೆಗಳು ಮಾತ್ರ ಉಳಿದಿರುತ್ತವೆ. ಮೇಲಕ್ಕೆ ಸೆಳೆಯಲ್ಪಡುವ ನೀರಿನ ಎಳೆತಕ್ಕೆ ಆ ಗೋಡೆಗಳು ಒಳಮುಖವಾಗಿ ಕುಸಿಯದಂತೆ ತಡೆಯುವುದೂ, ನೀರು ಗೋಡೆಯಲ್ಲಿ ಇಂಗಿಹೋಗದಂತೆ ಕಾಯುವುದೂ ಲಿಗ್ನಿನ್ನೇ. ಅರಬಿಡಾಪ್ಸಿಸ್ ಎಂಬ ಸಾಸಿವೆಯ ಜಾತಿಯ ಕಳೆಗಿಡವೊಂದರಲ್ಲಿ ಈ ದಾರಿಯ ಒಂದೇ ಒಂದು ಕಿಣ್ವವು ಕೆಟ್ಟಾಗ ಲಿಗ್ನಿನ್ ಸುಮಾರು ಅರ್ಧಕ್ಕೆ ಇಳಿದು, ನಾಳಗಳು ನಜ್ಜುಗುಜ್ಜಾದುದನ್ನು ೨೦೦೧ರಲ್ಲಿ ಪ್ರಕಟವಾದ ಪರಿಶೋಧನೆಯು ತೋರಿಸಿತು. ಹೀಗಿರಲಾಗಿ ರಸವು ಹೂವನ್ನು ಮುಟ್ಟುವುದಕ್ಕೆ ಕಾಠಿನ್ಯವೇ ದಾರಿ. ಒಣಗಿದ ಮರದಲ್ಲಿ ರಸವು ನಿಂತುಹೋಗಿದೆಯೆಂಬುದು ಸರಿ. ಕಟ್ಟಿಗೆಯಾದ್ದರಿಂದ ನಿಂತಿತೆಂಬುದು ತಪ್ಪು.

ಪ್ರಸಂಗವಶದಿಂದ ಮತ್ತೊಂದು ಸಂಗತಿ. ಮರದ ತಿರುಳಿನಿಂದ ಅಗ್ಗವಾಗಿ ಮಾಡಿದ ಕಾಗದದಲ್ಲಿ ಲಿಗ್ನಿನ್ ಉಳಿದಿರುವುದರಿಂದಲೇ ಹಳೆಯ ವೃತ್ತಪತ್ರಿಕೆಗಳು ಬೆಳಕಿಗೆ ಹಳದಿಯಾಗುವುವು. ಹಳೆಯ ಪುಸ್ತಕಗಳನ್ನು ತೆರೆದಾಗ ಮೂಗಿಗೆ ತಗಲುವ ನಸುಸಿಹಿಯಾದ ವಾಸನೆಯಲ್ಲಿ, ಶಿಥಿಲವಾಗುತ್ತಿರುವ ಲಿಗ್ನಿನ್ನಿನಿಂದ ಹುಟ್ಟಿದ ವೆನಿಲಿನ್ನಿನ ಪಾಲೂ ಇರುವುದು. ಶುಷ್ಕಪಂಡಿತರೆಂದು ನಿಂದಿತರಾದವರ ಪುಸ್ತಕದ ಕಪಾಟಿನಲ್ಲಿ ಕಾಷ್ಠವು ಕಂಪಾಗುವ ಕೆಲಸವು ಸದ್ದಿಲ್ಲದೆ ನಡೆಯುತ್ತಿದೆ.

ಆದರೆ ಈ ಸಸ್ಯಶಾಸ್ತ್ರೀಯ ದೃಷ್ಟಾಂತಕ್ಕೂ ಒಂದು ಎಲ್ಲೆಯಿದೆ. ಎಲ್ಲ ಸುಗಂಧಗಳೂ ಈ ದಾರಿಯವಲ್ಲ. ಮಲ್ಲಿಗೆಯ ಜಾತಿಗಳ ಗಂಧದಲ್ಲಿ ಪ್ರಧಾನವಾದ ಬೆಂಜೈಲ್ ಅಸಿಟೇಟಿನ ಮೂಲವೂ ಫಿನೈಲ್‌ಅಲನೀನೇ ಆದರೂ, ಕೋನಿಫೆರಿಲ್ ಆಲ್ಕೊಹಾಲಿನವರೆಗೆ ಬಾರದೆ ಮುಂಚೆಯೇ ಕವಲೊಡೆದುಹೋಗುವುದು. ನಮ್ಮ ನಾಡಿನ ಶ್ರೀಗಂಧವಂತೂ ಬೇರೆಯ ವಂಶದ್ದೇ. ಅದರ ಕಂಪು ಸ್ಯಾಂಟಲಾಲ್ ಎಂಬ ದ್ರವ್ಯಗಳದು, ಅವುಗಳ ಪಾಕಕ್ರಮಕ್ಕೂ ಲಿಗ್ನಿನ್ನಿನದಕ್ಕೂ ನೇರವಾದ ಸಂಬಂಧವಿಲ್ಲ. ಶ್ರೀಗಂಧದಲ್ಲಿ ಕಂಪು ಹೂವಿನಲ್ಲಿರದೆ ಕಟ್ಟಿಗೆಯ ಕೆಚ್ಚಿನಲ್ಲಿಯೇ ಇರುವುದಷ್ಟೆ. ಕಾಷ್ಠಕುಸುಮದ್ವಂದ್ವವನ್ನು ಹಿಡಿದವರಿಗೆ ಇದಕ್ಕಿಂತ ಸುಲಭವಾದ ಪ್ರತ್ಯುದಾಹರಣೆಯು ಮೊದಲಿನಿಂದಲೂ ಕೈಗೆಟಕುವಂತಿತ್ತು.

ಚಂದನಕ್ಕೆ ಹೂವನ್ನು ಕೊಡದ ಬ್ರಹ್ಮನನ್ನು, ಚಿನ್ನಕ್ಕೆ ಗಂಧವನ್ನೂ ಕಬ್ಬಿಗೆ ಹಣ್ಣನ್ನೂ ಕೊಡದವನೆಂದು ಒಟ್ಟಿಗೆ ಆಕ್ಷೇಪಿಸುವ ಸುಭಾಷಿತವೊಂದು ಪ್ರಸಿದ್ಧವಾಗಿದೆ. ಮೈಸೂರು ಸೀಮೆಯಲ್ಲಿ ಹುಟ್ಟಿದ ಯಾವ ಹುಡುಗನಾದರೂ ಅದನ್ನು ಕೇಳಿ ನಗುವನು. ಗಂಧದ ಮರದಲ್ಲಿ ನೇರಳೆಗೆಂಪಿನ ಚಿಕ್ಕ ಹೂಗೊಂಚಲುಗಳನ್ನೂ ಕಪ್ಪಾದ ಹಣ್ಣುಗಳನ್ನೂ ಅವನು ಕಂಡಿರುವನು. ಹಾಗಾದರೆ ಸುಭಾಷಿತಕಾರನಿಗೆ ಲೋಕವಿರೋಧದೋಷವನ್ನು ಹೊರಿಸಬೇಕೇ? ಬೇಡ. ರಾಜಶೇಖರನು ಕಾವ್ಯಮೀಮಾಂಸೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ, ಇದ್ದರೂ ವರ್ಣಿಸದಿರುವುದು ಎಂಬ ಕವಿಸಮಯಕ್ಕೆ ವಸಂತದಲ್ಲಿನ ಮಾಲತಿಯನ್ನೂ, ಅಶೋಕದ ಫಲವನ್ನೂ, ಚಂದನದ ಪುಷ್ಪಫಲಗಳನ್ನೂ ಉದಾಹರಿಸಿರುವನು. ಚಂದನಕ್ಕೆ ಹೂವಿರುವುದು ಆ ಆಚಾರ್ಯನಿಗೆ ಗೊತ್ತಿತ್ತು. ಕವಿಗಳು ಹೇಳದೆ ಬಿಟ್ಟರೆಂಬುದೂ ಗೊತ್ತಿತ್ತು. ಪ್ರಕೃತಿಯ ಜ್ಞಾನವನ್ನೂ ಕಾವ್ಯದ ಸಂಕೇತವನ್ನೂ ಒಂದರಲ್ಲೊಂದು ಕಲಸದೆ ಪಕ್ಕಪಕ್ಕದಲ್ಲಿಟ್ಟುಕೊಂಡಿದ್ದ ವಿವೇಕವಿದು. ಆ ಗ್ರಂಥವು ಬರೋಡೆಯಲ್ಲಿ ಅಚ್ಚಾದ ೧೯೧೬ನೆಯ ಇಸವಿಯಲ್ಲಿಯೇ ಮೈಸೂರು ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆಯೂ ಆರಂಭವಾದುದು ಒಂದು ಆಕಸ್ಮಿಕ. ನಮ್ಮ ಶುಷ್ಕವೃಕ್ಷವ್ಯಾಖ್ಯಾನಕಾರರಲ್ಲಿ ರಾಜಶೇಖರನ ಈ ವಿವೇಕವು ಕಾಣುವುದಿಲ್ಲ. ಕಟ್ಟಿಗೆಗೂ ಹೂವಿಗೂ ವಿರೋಧವೆಂಬುದನ್ನು ಸಂಕೇತವೆಂದು ಹೇಳಿದ್ದರೆ ಆಕ್ಷೇಪವಿರಲಿಲ್ಲ. ಅದನ್ನು ಪ್ರಕೃತಿಸಿದ್ಧವಾದ ನ್ಯಾಯವೆಂದು ಸ್ಥಾಪಿಸಿ, ಅದರ ಮೇಲೆ ಓಜೋಗುಣದ ಬಹಿಷ್ಕಾರವನ್ನು ಕಟ್ಟಿದರು.

ಅಕ್ಷರಗಳ ಮೃದುತ್ವವೇ ಕಾವ್ಯದ ಪರಿಮಳವೆಂಬ ಭ್ರಾಂತಿಯನ್ನು ಕಳೆಯುವುದಕ್ಕೆ ಪಂಪನ ಒಂದು ಪದ್ಯವು ಸಾಕು. ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯ ನೆನಪನ್ನು ಹೇಳುವ, ಎಲ್ಲರ ಬಾಯಲ್ಲಿರುವ ಆ ವೃತ್ತವನ್ನು ಗಮನವಿಟ್ಟು ಓದಿರಿ. ತೆಂಕಣ ಗಾಳಿಯು ಅಲ್ಲಿ ಸೋಂಕುವುದು, ಒಳ್ಳೆಯ ಮಾತು ಕೇಳುವುದು, ಇಂಪಾದ ಗೇಯವು ಕಿವಿಯನ್ನು ಹೊಗುವುದು. ಬಿರಿದ ಮಲ್ಲಿಗೆಯಾದರೋ ಕಾಣುವುದು. ಮಲ್ಲಿಗೆಯನ್ನು ಮೂಸಿದನೆಂದು ಕವಿಯು ಹೇಳಲೇ ಇಲ್ಲ. ಗಂಧವಾಚಕವಾದ ಒಂದು ಪದವೂ ಅಲ್ಲಿಲ್ಲ. ಹಾಗಿದ್ದರೂ ಆ ಪದ್ಯವನ್ನೋದಿದವರಿಗೆ ಮಲ್ಲಿಗೆಯ ಕಂಪು ಬಂದಿಲ್ಲವೆನ್ನುವುದು ಅಸಾಧ್ಯ. ಸ್ಪರ್ಶ, ಶ್ರವಣ, ದರ್ಶನಗಳು ವಾಚ್ಯವಾಗಿ ನಿಂತು, ಹೇಳದೆ ಬಿಟ್ಟ ಘ್ರಾಣವು ವ್ಯಂಗ್ಯವಾಯಿತು. ಅದರ ಪಕ್ಕದ ಪದ್ಯದಲ್ಲಿ ಆ ನಾಡಿನ ನಂದನದಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟಬೇಕೆಂಬ ಬಯಕೆಯು ಈ ವ್ಯಂಗ್ಯಕ್ಕೆ ಪೋಷಕವಾಗಿದೆ. ಮಲ್ಲಿಗೆಯ ಪದ್ಯವು ಮುಗಿಯುವುದಾದರೂ ಯಾವುದರಿಂದ? ಆನೆಯನ್ನು ತಿವಿದು ತಡೆಯುವ ಅಂಕುಶದ ಮಾತಿನಿಂದ. ಇಷ್ಟು ಮೃದುವಾದ ಪದ್ಯಕ್ಕೆ ಕಬ್ಬಿಣದ ಕೊಕ್ಕೆಯನ್ನು ತಂದವನು ಕಾಠಿನ್ಯಕ್ಕೆ ಹೆದರಿದವನಲ್ಲ. ಅಂಕುಶವನ್ನು ತೆಗೆದು ಆ ಜಾಗದಲ್ಲಿ ಮತ್ತೊಂದು ಹೂವನ್ನಿಟ್ಟು ಓದಿ ನೋಡಿದರೆ ಮನಸ್ಸಿನ ಎಳೆತವೆಲ್ಲವೂ ಸಡಿಲವಾಗುವುದು.

ಕೊನೆಯದಾಗಿ ಐತಿಹ್ಯದ ಪ್ರಾಮಾಣ್ಯದ ವಿಷಯ. ಒಣಮರದ ಕಥೆಗೆ ಬಾಣನ ಕೃತಿಗಳಲ್ಲಿ ಯಾವ ಆಧಾರವೂ ಇಲ್ಲ. ಕಾದಂಬರಿಯ ಉತ್ತರಭಾಗವನ್ನು ರಚಿಸಿದ ಮಗನು, ಭೂಷಣಭಟ್ಟನೆಂದು ಕರೆಯಿರಿ ಪುಲಿಂದನೆಂದು ಕರೆಯಿರಿ, ತನ್ನ ಭಾಗಕ್ಕೆ ಪೀಠಿಕೆಯಾಗಿ ಕೆಲವು ಶ್ಲೋಕಗಳನ್ನು ಬರೆದಿರುವನು. ನಾಗವರ್ಮನು ಇಡೀ ಕಥೆಯನ್ನು ಕನ್ನಡ ಚಂಪುವಾಗಿಸಿದುದರಿಂದ ನಮ್ಮಲ್ಲಿ ಅನೇಕರು ಸಂಸ್ಕೃತದ ಉತ್ತರಭಾಗವನ್ನು ತೆರೆಯುವುದಿಲ್ಲ. ತೆರೆದವರೂ ಪೀಠಿಕೆಯನ್ನು ದಾಟಿ ಕಥೆಗೆ ಹೋಗುವರು. ಅಲ್ಲಿ ಪರೀಕ್ಷೆಯ ಮಾತಿಲ್ಲ, ಅಣ್ಣನ ಮಾತಿಲ್ಲ, ಮರದ ಮಾತಿಲ್ಲ. ತಂದೆಯು ಸ್ವರ್ಗಸ್ಥನಾಗಲು ಅವನ ಮಾತಿನೊಡನೆಯೇ ಕಥೆಯ ಎಳೆಯೂ ಕಡಿಯಿತೆಂದೂ, ಸಜ್ಜನರ ದುಃಖವನ್ನು ನೋಡಿ ತಾನು ಅದನ್ನು ಮುಂದುವರಿಸಿದೆನೇ ಹೊರತು ಕವಿಯೆಂಬ ಗರ್ವದಿಂದಲ್ಲವೆಂದೂ ಅವನು ವಿನಯದಿಂದ ಹೇಳಿಕೊಂಡಿರುವನು. ತನ್ನ ಕೆಲಸಕ್ಕೆ ಅವನು ಕೊಟ್ಟುಕೊಂಡ ಉಪಮಾನವಂತೂ ಹೂವೂ ಅಲ್ಲ, ಕಟ್ಟಿಗೆಯೂ ಅಲ್ಲ: ಒಳಗೆ ಫಲವನ್ನಡಗಿಸಿಕೊಂಡ ಬೀಜಗಳನ್ನು ಒಳ್ಳೆಯ ನೆಲದಲ್ಲಿ ಬಿತ್ತಿದವನು ತಂದೆ; ಬೆಳೆದುನಿಂತುದನ್ನು ಕೊಯ್ದು ಕೂಡಿಹಾಕಿದವನು ಮಗ.